ಸುಟ್ಟ ಟಕ್ಕೆ, ಸರ್ಕಾರದ ಟಕ್ಕೆ

ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳ ಮಾಸ್ತರರಿಗೆ ಪಾಠ ಹೇಳುವುದರ ಜೊತೆಗೆ ಇನ್ನೊಂದು ಕೆಲಸ ಇದ್ದೇ ಇರುತ್ತದೆ. ಊರವರ ಕಾಗದ ಓದಿ ಹೇಳುವುದು, ಅರ್ಜಿ ಬರೆದುಕೊಡುವುದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕಂಪ್ಯೂಟರಿನಲ್ಲಿ ಇಂಗ್ಲಿಷು. ಈ ಮೂರರ ನಡುವೆ ಸಿಕ್ಕಿಬಿದ್ದ ಕಾಗದಗಳೆಲ್ಲ ಕೊನೆಗೆ ನಮ್ಮ ಸ್ಟಾಫ್ ರೂಮಿನ ಮೇಜಿಗೆ ಬಂದು ಮುಟ್ಟುತ್ತವೆ. ಬೆಳೆವಿಮೆ, ಉತಾರ, ರೇಶನ್ ಕಾರ್ಡು, ಶಿಷ್ಯವೃತ್ತಿ... ಮಧ್ಯಾಹ್ನದ ಬಿಡುವಿನಲ್ಲಿ ನಮ್ಮಲ್ಲಿ ಒಬ್ಬರು ಓದುತ್ತೇವೆ, ಒಬ್ಬರು ಬರೆಯುತ್ತೇವೆ.

ಈ ಸಲ ಬರೆಯುತ್ತಿರುವುದು ಅಂಥ ಒಂದು ಕಾಗದದ ವಿಷಯ. ಬೆಂಕಿಯಲ್ಲಿ ಸುಟ್ಟುಕೊಂಡವರಿಗೆ ಸರ್ಕಾರದ ದಿವ್ಯಾಂಗ ಸೌಲಭ್ಯ ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂಬುದು. ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿಯ ಕಥೆ ಇದು. "ಬರೀರಿ ಗುರುಗಳ, ಯಾರಿಗರೆ ಉಪಯೋಗ ಆಗ್ಲಿ. ನನ್ ಹೆಸರ ಮಾತ್ರ ಹಾಕಬ್ಯಾಡ್ರಿ" ಎಂದು ಆಕೆಯೇ ಹೇಳಿದ್ದಾಳೆ. ಹೆಸರೂ ಇಲ್ಲ, ಊರೂ ಇಲ್ಲ.

೨೦೧೮ರ ಡಿಸೆಂಬರ್. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಅರ್ಧ ಊರು ಕಬ್ಬು ಕಡಿಯಲು ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಸೇರಿದರೆ ಒಂದು 'ಕೊಯತಾ' ಎಂದು ಲೆಕ್ಕ. ಮುಕಾದಮನ ಕಡೆಯಿಂದ ಮೊದಲೇ ಉಚಲ್ ತೆಗೆದುಕೊಂಡಿರುತ್ತಾರೆ, ಅದು ತೀರುವವರೆಗೂ ಕಡಿಯಬೇಕು. ಕಬ್ಬಿನ ರವದಿ, ತಾಡಪತ್ರಿ ಹೊದಿಸಿದ ಖೋಪಿಯಲ್ಲಿ ನಸುಕಿನ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಮಾಡಲು ಕುಳಿತಾಗ ರಾಕೇಲ ಸ್ಟೋವಿನ ಉರಿ ಸೆರಗಿಗೆ ಹತ್ತಿತು. ನೈಲಾನ್ ಸೀರೆ. ಬಲಗೈ, ಕಂಕುಳು, ಕುತ್ತಿಗೆ, ಗದ್ದ, ಎದೆ, ಹೊಟ್ಟೆ, ತೊಡೆಯ ಸ್ವಲ್ಪ ಭಾಗ ಬೆಂದವು. ಊರಿನಲ್ಲಿ ಒಂದೆರಡು ಬಾಯಿಗಳು ಬೇರೆ ಏನೋ ಆಡಿಕೊಂಡವು. ಹೆಣ್ಣುಮಗಳು ಸುಟ್ಟುಕೊಂಡರೆ ನಮ್ಮ ಕಡೆ ಆ ಮಾತು ಬರದೇ ಇರುವುದಿಲ್ಲ. ಗಂಡ ಅವಳನ್ನು ಹೊತ್ತುಕೊಂಡು ಓಡಿದ್ದು, ಅವನ ಅಂಗೈ ಸುಟ್ಟಿದ್ದು ಟೋಳಿಯವರೆಲ್ಲ ಕಂಡಿದ್ದಾರೆ. ಇರಲಿ.

ಎರಡು ತಿಂಗಳು ಆಸ್ಪತ್ರೆ. ಮಹಾತ್ಮಾ ಜೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಸುಟ್ಟಗಾಯದ ಚಿಕಿತ್ಸೆ ಸೇರಿರುವುದರಿಂದ ರೇಶನ್ ಕಾರ್ಡಿನ ಮೇಲೆ ಅದು ನಡೆಯಿತು. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಬದುಕಿ ಮನೆಗೆ ಬಂದಳು. ಡಿಸ್ಚಾರ್ಜ್ ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ೩೫ ಪ್ರತಿಶತ ಸುಟ್ಟಗಾಯ.

ನಮ್ಮ ಮೇಜಿಗೆ ಆ ಕಾಗದ ಬಂದದ್ದು ೨೦೨೧ರಲ್ಲಿ. ಹುಡುಗಿ ಆಗ ಮೂರನೇ ಇಯತ್ತೆ. ಗಂಡ ಬಂದು ನಿಂತು ಕೇಳಿದ, "ಗುರುಗಳ, ೪೦ ಟಕ್ಕೆ ಇದ್ರ ಪಗಾರ ಆಗ್ತೈತಿ ಅಂತಾರ. ನಮ್ದು ೩೫ ಐತಿ. ಇನ್ನ ೫ ಟಕ್ಕೆದ್ದು ಏನ್ ಮಾಡೂದ್ರಿ?"

ಶೇಕಡಾಕ್ಕೆ ನಮ್ಮಲ್ಲಿ ಟಕ್ಕೆ ಎನ್ನುತ್ತಾರೆ. ಸಂಜಯ ಗಾಂಧಿ ನಿರಾಧಾರ ಅನುದಾನ ಯೋಜನೆಯ ಮಾಸಾಶನಕ್ಕೆ ಪಗಾರ ಎನ್ನುತ್ತಾರೆ. ಅವನ ಪ್ರಶ್ನೆಯಲ್ಲಿ ನಗುವಂಥದ್ದೇನೂ ಇಲ್ಲ. ಓದಿದವರೂ ಹೀಗೇ ತಿಳಿದಿರುತ್ತಾರೆ. ಆದರೆ ಆಸ್ಪತ್ರೆಯ ಟಕ್ಕೆ ಬೇರೆ, ಸರ್ಕಾರದ ಟಕ್ಕೆ ಬೇರೆ. ಹೆಸರೊಂದೇ, ಲೆಕ್ಕ ಎರಡು.

ಆಸ್ಪತ್ರೆಯವರು ಅಳೆಯುವುದು ಮೈಮೇಲಿನ ಎಷ್ಟು ಚರ್ಮ ಬೆಂದಿದೆ ಎಂದು. ಅದಕ್ಕೆ ಒಂಬತ್ತರ ಲೆಕ್ಕ ಎಂಬುದೊಂದು ಇದೆ. ದೊಡ್ಡವರಲ್ಲಿ ತಲೆ-ಕುತ್ತಿಗೆ ೯, ಒಂದೊಂದು ಕೈ ೯, ಒಂದೊಂದು ಕಾಲು ೧೮, ಮುಂಡದ ಮುಂಭಾಗ ೧೮, ಬೆನ್ನು ೧೮, ಉಳಿದ ೧ ಜನನಾಂಗಕ್ಕೆ. ಕೂಡಿಸಿದರೆ ನೂರು. ರೋಗಿಗೆ ಎಷ್ಟು ಸಲಾಯಿನ್ ಏರಿಸಬೇಕು, ಜೀವಕ್ಕೆ ಎಷ್ಟು ಅಪಾಯ ಎಂದು ತಿಳಿಯಲು ಮೊದಲ ದಿನವೇ ಮಾಡುವ ಲೆಕ್ಕ ಅದು. ಗಾಯ ಮಾಯ್ದ ಮೇಲೆ ಮನುಷ್ಯ ಹೇಗೆ ಬದುಕುತ್ತಾನೆ ಎಂಬುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಬೆನ್ನೆಲ್ಲ ಸುಟ್ಟವನು ಒಂದು ವರ್ಷದ ನಂತರ ಹೊಲಕ್ಕೆ ಹೋಗಬಹುದು. ಅಂಗೈ ಮಾತ್ರ ಸುಟ್ಟವನು ಜೀವಮಾನವಿಡೀ ಕುಡಗೋಲು ಹಿಡಿಯಲಾಗದೆ ಕೂಡಬಹುದು.

ಸರ್ಕಾರದ ಟಕ್ಕೆ ಗಾಯವನ್ನು ಕೇಳುವುದೇ ಇಲ್ಲ. ಗಾಯದಿಂದ ಏನು ನಿಂತುಹೋಯಿತು ಎಂದು ಕೇಳುತ್ತದೆ.

೧೯೯೫ರ ಹಳೆಯ ಕಾಯ್ದೆಯಲ್ಲಿ ೭ ಬಗೆಯ ಅಂಗವಿಕಲತೆ ಇದ್ದವು. ೨೦೧೬ರ ದಿವ್ಯಾಂಗರ ಹಕ್ಕುಗಳ ಕಾಯ್ದೆ ಅದನ್ನು ೨೧ಕ್ಕೆ ಏರಿಸಿತು. ಆ ೨೧ರಲ್ಲಿ 'ಸುಟ್ಟಗಾಯ' ಎಂಬ ಹೆಸರೇ ಇಲ್ಲ. ಆಸಿಡ್ ದಾಳಿಗೆ ಒಳಗಾದವರು ಎಂದಿದೆ. ಯಾರಾದರೂ ದಾಳಿ ಮಾಡಿ ಆಸಿಡ್ಡೋ ಅಂಥದ್ದೇ ಸುಡುವ ದ್ರವವೋ ಎರಚಿ ರೂಪಗೆಟ್ಟವರು ಎಂದು ಅದರ ಅರ್ಥ. ಅವರಿಗೆ ರೂಪ ಕೆಟ್ಟದ್ದೇ ಕಾಯ್ದೆಯೊಳಗೆ ಬರಲು ಒಂದು ದಾರಿ. ಅದು ನ್ಯಾಯವೇ, ಎಷ್ಟೋ ಹೆಣ್ಣುಮಕ್ಕಳ ಹೋರಾಟದಿಂದ ಬಂದದ್ದು. ಆದರೆ ಒಲೆ, ಸ್ಟೋವು, ಗ್ಯಾಸು, ಬಿಸಿನೀರು, ವಿದ್ಯುತ್ತಿನಿಂದ ಸುಟ್ಟವರು ಬರಬೇಕಾದ ಬಾಗಿಲು ಬೇರೆ. ಚಲನವಲನದ ಅಂಗವಿಕಲತೆ ಎಂಬ ಬಾಗಿಲು. ಕೈ ಮಡಚುತ್ತದೆಯೋ, ತೋಳು ಏಳುತ್ತದೆಯೋ, ಕಾಲು ಊರುತ್ತದೆಯೋ ಎಂದು ಅಲ್ಲಿ ನೋಡುತ್ತಾರೆ. ಇದನ್ನು ಆಕೆಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಮಾರಿ ಹಿಂಗಾಗಿದ್ದಕ್ಕ ಏನೂ ಇಲ್ಲೇನ್ರಿ? ಮಂದಿ ಮೊದ್ಲ ಅದನ್ನ ನೋಡ್ತಾರಲ್ರಿ" ಎಂದಳು. ಆ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಆಕೆಯ ಕೈಯ ಸ್ಥಿತಿ ಹೇಳಬೇಕು. ಬೆಂದ ಚರ್ಮ ಮಾಯುವಾಗ ಕುಗ್ಗುತ್ತದೆ, ಹಸಿ ತೊಗಲು ಬಿಸಿಲಿಗೆ ಒಣಗಿ ಸುರುಟಿಕೊಂಡ ಹಾಗೆ. ಕೀಲಿನ ಮೇಲೆ ಹಾಗಾದರೆ ಕೀಲನ್ನೇ ಎಳೆದು ಕಟ್ಟಿಹಾಕುತ್ತದೆ. ಡಾಕ್ಟರರು ಕಾಂಟ್ರ್ಯಾಕ್ಚರ್ ಎನ್ನುತ್ತಾರೆ. ಅದಕ್ಕೇ ಗಾಯ ಮಾಯುವ ಮೊದಲಿನಿಂದಲೇ ಪಟ್ಟಿ ಕಟ್ಟಿ ಕೈಯನ್ನು ನೀಟಾಗಿ ಇಡುವುದು, ದಿನಾ ವ್ಯಾಯಾಮ ಮಾಡಿಸುವುದು, ಬಿಗಿಯಾದ ಅಂಗಿ ತೊಡಿಸುವುದು ಎಲ್ಲ. ಊರಿಗೆ ಬಂದ ಮೇಲೆ ಅದನ್ನು ಯಾರು ಮಾಡಿಸಬೇಕು? ನೋವೆಂದು ಕೈಯನ್ನು ಮೈಗೆ ಅಂಟಿಸಿಕೊಂಡೇ ಇದ್ದಳು. ವರ್ಷದೊಳಗೆ ಬಲಗೈಯ ಮೂರು ಬೆರಳು ಅಂಗೈಗೆ ಬಾಗಿದವು. ಕಂಕುಳಲ್ಲಿ ಬಾತುಕೋಳಿಯ ಕಾಲಿನ ಪೊರೆಯಂತೆ ಚರ್ಮ ಬೆಳೆದು ತೋಳು ಭುಜದ ಮಟ್ಟಕ್ಕೂ ಏಳದಾಯಿತು.

೨೦೨೧ರಲ್ಲಿ ಯುಡಿಐಡಿ ಜಾಲತಾಣದಲ್ಲಿ ಅರ್ಜಿ ತುಂಬಿ, ತಾರೀಖು ಬಂದ ಮೇಲೆ ಗಂಡ ಹೆಂಡತಿ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದಕ್ಕೆ ಹೋದರು. ಅದರ ಹೆಸರು ಬೇಡ. ನೂರಾರು ಜನರ ಸಾಲು. ಆಕೆ ಉದ್ದ ತೋಳಿನ ಕುಪ್ಪಸ ತೊಟ್ಟು, ಕುತ್ತಿಗೆಯ ಸುತ್ತ ಸೆರಗು ಸುತ್ತಿಕೊಂಡು ಹೋಗಿದ್ದಳು. ಮೂರು ವರ್ಷದಿಂದ ಆಕೆ ಕಲಿತದ್ದೇ ಅದು: ಮುಚ್ಚಿಕೊಳ್ಳುವುದು, ಯಾರಿಗೂ ತಿಳಿಯದ ಹಾಗೆ ಎಡಗೈಯಿಂದ ಕೆಲಸ ಸಾಗಿಸುವುದು. ಡಾಕ್ಟರು ಬೆರಳು ನೋಡಿದರು. "ಬಾಕಿ ಕೆಲಸ ಆಗುತ್ತದೆಯೇ?" ಎಂದು ಮರಾಠಿಯಲ್ಲಿ ಕೇಳಿದರು. ಆಕೆ "ಆಗ್ತೈತ್ರಿ" ಎಂದಳು. ಪರಾಯಿ ಗಂಡಸಿನ ಮುಂದೆ, ಅಷ್ಟು ಮಂದಿಯೊಳಗೆ, ಇನ್ನೇನು ಹೇಳಿಯಾಳು? ತೋಳು ಎತ್ತಿಸಿ ಯಾರೂ ನೋಡಲಿಲ್ಲ. ಐದು ನಿಮಿಷ. ೩೦ ಟಕ್ಕೆ ಎಂದು ಪ್ರಮಾಣಪತ್ರ ಬಂತು.

ಪ್ರಮಾಣಪತ್ರವೇನೋ ಸಿಕ್ಕಿತು, ಆದರೆ ೪೦ಕ್ಕಿಂತ ಕಡಿಮೆ ಇದ್ದರೆ ಅದರಿಂದ ಪಗಾರವೂ ಇಲ್ಲ, ಎಸ್.ಟಿ. ಬಸ್ಸಿನಲ್ಲಿ ದಿವ್ಯಾಂಗರ ೭೫ ಟಕ್ಕೆ ರಿಯಾಯಿತಿಯೂ ಇಲ್ಲ, ಗ್ರಾಮ ಪಂಚಾಯಿತಿ ತನ್ನ ಸ್ವಂತ ಉತ್ಪನ್ನದಲ್ಲಿ ದಿವ್ಯಾಂಗರಿಗೆಂದು ತೆಗೆದಿಡಬೇಕಾದ ೫ ಟಕ್ಕೆಯಲ್ಲಿ ಪಾಲೂ ಇಲ್ಲ.

ನಾವು ಆಗ ಕೇಂದ್ರ ಸರ್ಕಾರ ೨೦೧೮ರ ಜನವರಿಯಲ್ಲಿ ಹೊರಡಿಸಿದ ಮೌಲ್ಯಮಾಪನದ ಮಾರ್ಗಸೂಚಿಯನ್ನು ತೆಗೆದು ಓದಿದೆವು. (೨೦೨೪ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಈಗ ಹೋಗುವವರು ಹೊಸದನ್ನು ನೋಡಬೇಕು.) ಗಣಿತದ ಮಾಸ್ತರರಿಗೆ ಅದು ಒಳ್ಳೆಯ ಓದು, ಸುಳ್ಳಲ್ಲ. ಕೈಯನ್ನು ಎರಡು ಭಾಗ ಮಾಡುತ್ತಾರೆ: ತೋಳು ಒಂದು, ಹಸ್ತ ಒಂದು. ಹಸ್ತದಲ್ಲಿ ಹಿಡಿತ, ಸ್ಪರ್ಶ, ಬಲ ನೋಡಬೇಕು. ತೋಳಿನಲ್ಲಿ ಕೀಲು ಎಷ್ಟು ತಿರುಗುತ್ತದೆ, ಸ್ನಾಯುವಿಗೆ ಎಷ್ಟು ಬಲ, ಕೂಡಿ ಮಾಡುವ ಕೆಲಸಗಳು ಎಷ್ಟು ಆಗುತ್ತವೆ ಎಂದು ನೋಡಬೇಕು. ಆ ಕೆಲಸಗಳ ಪಟ್ಟಿ ಓದಿ ನಮಗೆ ಅಚ್ಚರಿಯಾಯಿತು. ಹತ್ತು ಕೆಲಸ, ಒಂದೊಂದಕ್ಕೆ ೯ ಅಂಕ. ತಲೆಗಿಂತ ಮೇಲಿರುವ ವಸ್ತು ಇಳಿಸಿ ಮತ್ತೆ ಅಲ್ಲೇ ಇಡುವುದು, ಮೂಗು ಮುಟ್ಟುವುದು, ನಮ್ಮ ಪದ್ಧತಿಯಂತೆ ಕೈಯಿಂದ ಉಣ್ಣುವುದು, ತಲೆ ಬಾಚಿ ಜಡೆ ಹಾಕುವುದು, ಅಂಗಿ ತೊಡುವುದು, ಶೌಚಕ್ಕೆ ನೀರು ಬಳಸುವುದು, ಲೋಟದ ನೀರು ಕುಡಿಯುವುದು, ಗುಂಡಿ ಹಾಕುವುದು, ಲಾಡಿ ಅಥವಾ ಧೋತರ ಕಟ್ಟುವುದು, ಬರೆಯುವುದು. ದಿಲ್ಲಿಯಲ್ಲಿ ಕೂತು ಬರೆದವರಿಗೂ ಜಡೆ ಹಾಕುವುದು ಒಂದು ಕೆಲಸ ಎಂದು ನೆನಪಿತ್ತು! ಆಕೆಯ ಮಗಳು ಶಾಲೆಗೆ ಮೂರು ವರ್ಷ ಕೂದಲು ಕತ್ತರಿಸಿಕೊಂಡೇ ಬಂದಿದ್ದಳು. ಯಾಕೆಂದು ನಮಗೆ ಗೊತ್ತಿತ್ತು.

ಎರಡನೆಯ ಸಲ ಕಾಗದ ಗಟ್ಟಿ ಮಾಡಿದೆವು. ಆಪರೇಶನ್ ಆದ ಆಸ್ಪತ್ರೆಯ ಕೇಸ್‌ಪೇಪರ್ ಎಲ್ಲ ತರಿಸಿದೆವು. ಪ್ಲಾಸ್ಟಿಕ್ ಸರ್ಜನ್ ಒಬ್ಬರು ಕಂಕುಳಿನ ಕಾಂಟ್ರ್ಯಾಕ್ಚರ್ ಬಗ್ಗೆ ನಾಲ್ಕು ಸಾಲು ಬರೆದುಕೊಟ್ಟರು. ಫಿಜಿಯೋಥೆರಪಿಯವರು ಕೋನ ಅಳೆದು ಕೊಟ್ಟರು: ತೋಳು ೧೮೦ ಡಿಗ್ರಿ ಏಳಬೇಕಾದಲ್ಲಿ ೮೦ಕ್ಕೆ ನಿಲ್ಲುತ್ತದೆ. ಕಂಪಾಸ ಪೆಟ್ಟಿಗೆಯ ಕೋನಮಾಪಕಕ್ಕೆ ಎರಡು ತೋಳು ಹಚ್ಚಿದಂತಿರುತ್ತದೆ ಅವರ ಉಪಕರಣ. ಮರುತಪಾಸಣೆ ಬೇಕೆಂದು ಮರಾಠಿಯಲ್ಲಿ ಅರ್ಜಿ ಬರೆದೆವು. ಕೊಟ್ಟ ನಿರ್ಣಯ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ೨೦೧೬ರ ಕಾಯ್ದೆಯ ೫೯ನೇ ಕಲಮು ಕೊಟ್ಟಿದೆ, ಅದನ್ನೂ ಅರ್ಜಿಯಲ್ಲಿ ನಮ್ರವಾಗಿ ಕಾಣಿಸಿದೆವು. ಬೆದರಿಸಲು ಅಲ್ಲ, ಗೊತ್ತಿದೆ ಎಂದು ತಿಳಿಯಲಿ ಎಂದು.

ಕಾಗದಕ್ಕಿಂತ ದೊಡ್ಡ ಕೆಲಸ ಆಕೆಯ ಬಾಯಿ ಬಿಡಿಸುವುದಾಗಿತ್ತು. ನಮ್ಮ ಶಾಲೆಯ ಬಾಯಿಯವರು (ಇಲ್ಲಿ ಶಿಕ್ಷಕಿಯರಿಗೆ ಬಾಯಿ ಎನ್ನುತ್ತಾರೆ) ಅವಳ ಮನೆಗೆ ಹೋಗಿ ಎರಡು ಸಂಜೆ ಕೂತರು. "ತಂಗಿ, ಆಗದ್ದನ್ನ ಆಗೂದಿಲ್ಲ ಅನ್ನು. ಅದು ಸುಳ್ಳಲ್ಲ, ಬೇಡೂದೂ ಅಲ್ಲ." ಆಕೆಯ ಸಿಟ್ಟು ಹೊರಗೆ ಬಂದದ್ದು ಆಗ. "ಇಷ್ಟ ದಿನಾ ಆಗ್ತೈತಿ ಆಗ್ತೈತಿ ಅಂತ ಜೀವಾ ಹಿಡ್ಕೊಂಡೀನ್ರಿ ಬಾಯಿ. ಈಗ ಹತ್ತ ಮಂದಿ ಮುಂದ ನನ್ ಕೈಲೆ ಏನೂ ಆಗೂದಿಲ್ಲ ಅಂತ ತೋರಸ್ಲೇನ್ರಿ?" ಈ ಮಾತು ನಮಗೆ ಬಹಳ ದಿನ ಕೊರೆಯಿತು. ಸುಟ್ಟವರು ಚೇತರಿಸಿಕೊಳ್ಳುವುದೆಂದರೆ ಕುಂದನ್ನು ಮರೆಯುವುದು, ಮರೆಸುವುದು. ಸೌಲಭ್ಯ ಕೇಳುವುದೆಂದರೆ ಅದೇ ಕುಂದನ್ನು ಒಂದೊಂದಾಗಿ ಎಣಿಸಿ ಕೊಡುವುದು. ಗಂಡನ ಚಿಂತೆ ಇನ್ನೊಂದು, ದಿವ್ಯಾಂಗ ಎಂದು ಸಿಕ್ಕ ಬಿದ್ದರೆ ನಾಳೆ ಮಗಳ ಲಗ್ನಕ್ಕೆ ಮಾತು ಬರುತ್ತದೋ ಎಂದು.

೨೦೨೨ರಲ್ಲಿ ಬಾಯಿಯವರೇ ಜೊತೆಗೆ ಹೋದರು. ಗಿಡ್ಡ ತೋಳಿನ ಕುಪ್ಪಸ. ಪರದೆಯ ಹಿಂದೆ ಮಹಿಳಾ ಡಾಕ್ಟರು ತೋಳು ಎತ್ತಿಸಿ ನೋಡಿದರು, ಬಾಚಣಿಗೆ ಕೊಟ್ಟು ನೋಡಿದರು. ಆಕೆ ಆಗದ್ದಕ್ಕೆ ಆಗುವುದಿಲ್ಲ ಎಂದಳು. ಕನ್ನಡದಲ್ಲೇ ಹೇಳಿದಳು, ಬಾಯಿಯವರು ಮರಾಠಿ ಮಾಡಿದರು.

ಹಸ್ತಕ್ಕೆ ಮೊದಲಿನ ೩೦, ತೋಳಿಗೆ ೨೭. ಗಂಡ ಬೆರಳು ಎಣಿಸಿ ೫೭ ಎಂದ. ಅಲ್ಲ. ಇಲ್ಲಿ ನೇರ ಕೂಡಿಸುವುದಿಲ್ಲ. ದೊಡ್ಡ ಸಂಖ್ಯೆಯನ್ನು ಹಾಗೇ ಇಟ್ಟು, ೯೦ರಲ್ಲಿ ಅದನ್ನು ಕಳೆದು ಉಳಿದದ್ದರಿಂದ ಚಿಕ್ಕ ಸಂಖ್ಯೆಯನ್ನು ಗುಣಿಸಿ, ೯೦ರಿಂದ ಭಾಗಿಸಿ ಕೂಡಿಸಬೇಕು. ೨೭ ಗುಣಿಸು ೬೦, ಭಾಗಿಸು ೯೦, ಬಂತು ೧೮. ೩೦ಕ್ಕೆ ೧೮ ಕೂಡಿ ೪೮. ಮೊದಲೇ ಅರ್ಧ ಹೋದ ಕೈಯಲ್ಲಿ ಇನ್ನೊಂದು ನಷ್ಟವಾದರೆ ಅದು ಉಳಿದ ಅರ್ಧದಲ್ಲಿ ಆದದ್ದು ಎಂಬ ತರ್ಕ. ಏಳನೇ ಇಯತ್ತೆಯ ಹುಡುಗರಿಗೆ ಇದೇ ಲೆಕ್ಕ ಕರಿಹಲಗೆಯ ಮೇಲೆ ಹಾಕಿದ್ದೇವೆ, ಯಾರದೆಂದು ಹೇಳದೆ.

ಪ್ರಮಾಣಪತ್ರ ಬಂದರೆ ಮುಗಿಯಿತೆಂದು ತಿಳಿಯಬೇಡಿ. ಗಡಿಯ ಸಂಕಟ ಆಮೇಲೆ. ನಿರಾಧಾರ ಯೋಜನೆಗೆ ಅರ್ಜಿ ಹಾಕುವವರು ಮಹಾರಾಷ್ಟ್ರದಲ್ಲಿ ಕನಿಷ್ಠ ೧೫ ವರ್ಷದಿಂದ ವಾಸವಾಗಿರಬೇಕು. ಆಕೆಯ ತವರು ವಿಜಯಪುರ ಜಿಲ್ಲೆ, ಇಲ್ಲಿಂದ ಒಂದು ಹಳ್ಳ ದಾಟಿದರೆ ಸಿಗುವ ಊರು. ೨೦೦೫ರಲ್ಲಿ ಲಗ್ನವಾಗಿ ಬಂದವಳು. ಹದಿನೇಳು ವರ್ಷವಾಗಿದೆ, ಆದರೆ ಕಾಗದ ಬೇಕಲ್ಲ? ಲಗ್ನದ ನೋಂದಣಿ ಇಲ್ಲ. ಶಾಲೆ ಬಿಟ್ಟ ದಾಖಲೆ ಕನ್ನಡದಲ್ಲಿ, ಅದೂ ತವರಿನ ಹೆಸರಿನಲ್ಲಿ. ಆಧಾರದಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದು, ರೇಶನ್ ಕಾರ್ಡಿನ ಮರಾಠಿಯಲ್ಲಿ ಇನ್ನೊಂದು. ಅವ್ವ ಎಂದು ಮುಗಿಯುವ ಹೆಸರನ್ನು ಇಲ್ಲಿನವರು ಬಾಯಿ ಎಂದು ಬರೆದುಬಿಟ್ಟಿದ್ದಾರೆ! ಕೊನೆಗೆ ೨೦೦೯ರ ಮತದಾರರ ಪಟ್ಟಿ, ರೇಶನ್ ಕಾರ್ಡು, ೨೦೧೨ರಲ್ಲಿ ದೊಡ್ಡ ಮಗನನ್ನು ಶಾಲೆಗೆ ಹಾಕಿದ ನಮ್ಮ ದಾಖಲಾತಿ ರಜಿಸ್ಟರಿನ ಉತಾರ, ತಲಾಠಿಯ ರಹಿವಾಸಿ ದಾಖಲೆ, ಎರಡೂ ಹೆಸರು ಒಬ್ಬಳದೇ ಎಂಬ ಪ್ರತಿಜ್ಞಾಪತ್ರ, ಇಷ್ಟು ಸೇರಿ ಒಂದು ಫೈಲಾಯಿತು. ದಿವ್ಯಾಂಗರಿಗೆ ಕುಟುಂಬದ ವಾರ್ಷಿಕ ಉತ್ಪನ್ನ ೫೦ ಸಾವಿರದ ಒಳಗಿರಬೇಕು, ಅದರ ದಾಖಲೆ ಬೇರೆ. ತವರಿನವರು "ನಮ್ ಕಡಿಗೆ ಬಾ, ಇಲ್ಲಿ ಮಾಡ್ಸೂಣು" ಎಂದರು. ಅಲ್ಲಿ ಹೋದರೆ ಅಲ್ಲಿನ ರೇಶನ್ ಕಾರ್ಡು ಬೇಕು. ಗಡಿಯವರು ಎರಡೂ ಕಡೆಯವರು ಎನ್ನುವುದು ಭಾಷಣದಲ್ಲಿ, ಕೌಂಟರಿನಲ್ಲಿ ಎರಡೂ ಕಡೆಯವರಲ್ಲ.

ಮತ್ತೊಂದು ತೊಡಕನ್ನು ಯಾರೂ ನೆನಸಿರಲಿಲ್ಲ. ಹೆಬ್ಬೆಟ್ಟು. ಸುಟ್ಟ ಬೆರಳಿಗೆ ಹೊಸ ಚರ್ಮ ಬಂದ ಮೇಲೆ ಗೆರೆ ಹಳೆಯದಾಗಿ ಉಳಿಯಲಿಲ್ಲ. ಬ್ಯಾಂಕಿನ ಯಂತ್ರ ಒಲ್ಲೆ ಎಂದಿತು. ಆಧಾರ ಕೇಂದ್ರಕ್ಕೆ ಹೋಗಿ ಬಯೋಮೆಟ್ರಿಕ್ ಹೊಸದಾಗಿ ಮಾಡಿಸಿದೆವು. ಈಗ ಎಡಗೈ ಬೆರಳು ಇಲ್ಲವೇ ಕಣ್ಣಿನ ಪಾಪೆ ನಡೆಯುತ್ತದೆ. ಕೈ ಸುಟ್ಟವರು ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

೨೦೨೩ರಲ್ಲಿ ಮೊದಲ ಪಗಾರ ಆಯಿತು, ತಿಂಗಳಿಗೆ ೧೦೦೦. ಅದೇ ವರ್ಷ ೧೫೦೦ ಆಯಿತು. ೨೦೨೫ರಲ್ಲಿ ಮಹಾರಾಷ್ಟ್ರ ಸರ್ಕಾರ ದಿವ್ಯಾಂಗರಿಗೆ ಮಾತ್ರ ೨೫೦೦ಕ್ಕೆ ಏರಿಸಿತು. ಕೇಂದ್ರದ ಇಂದಿರಾ ಗಾಂಧಿ ದಿವ್ಯಾಂಗ ಪಿಂಚಣಿ ಬೇರೆ ಇದೆ. ಅದಕ್ಕೆ ೮೦ ಟಕ್ಕೆ ಬೇಕು, ಕೇಂದ್ರದ ಪಾಲು ತಿಂಗಳಿಗೆ ೩೦೦. ಆ ಮಾತು ಬಿಡಿ. ಪಗಾರ ಬಂದಾಗಿನಿಂದ ಆಕೆ ಕಬ್ಬಿಗೆ ಹೋಗಿಲ್ಲ. ಮಕ್ಕಳನ್ನು ದೀಪಾವಳಿಯ ನಂತರ ಶಾಲೆ ಬಿಡಿಸಿಲ್ಲ. ಆ ಹುಡುಗಿಯ ಹಾಜರಿ ನಮ್ಮ ರಜಿಸ್ಟರಿನಲ್ಲಿದೆ, ಯಾರಾದರೂ ಬಂದು ನೋಡಬಹುದು.

ಈಗಿನ ಸಂಗತಿ ಬೇರೆ. ಆ ಪ್ರಮಾಣಪತ್ರ ತಾತ್ಕಾಲಿಕ, ೫ ವರ್ಷದ್ದು. ೨೦೨೭ರಲ್ಲಿ ಮತ್ತೆ ತಪಾಸಣೆ. ಕಂಕುಳಿನ ಚರ್ಮವನ್ನು ಕೊಯ್ದು ಸಡಿಲಿಸಿ ಬೇರೆ ಚರ್ಮ ಹಚ್ಚಿದರೆ ತೋಳು ಬಹುಪಾಲು ಮೇಲೇಳುತ್ತದೆ ಎಂದು ಪ್ಲಾಸ್ಟಿಕ್ ಸರ್ಜನ್ ಹೇಳಿದ್ದಾರೆ. ಆಗ ತೋಳಿನ ೨೭ ಇಳಿದು ೯ಕ್ಕೆ ಬಂತೆಂದು ಹಿಡಿಯಿರಿ. ೯ ಗುಣಿಸು ೬೦, ಭಾಗಿಸು ೯೦, ಆರು. ೩೦ ಮತ್ತು ೬, ಮೂವತ್ತಾರು. ಪಗಾರ ನಿಲ್ಲುತ್ತದೆ. ಬೆರಳು ಬಾಗಿದ್ದು ಹಾಗೇ ಇರುತ್ತದೆ, ಕುಡಗೋಲು ಹಿಡಿಯುವುದು ಆಗಲೂ ಆಗುವುದಿಲ್ಲ.

ಗಂಡ ಬೇಡ ಎನ್ನುತ್ತಾನೆ. ಅವನದು ಹೊಟ್ಟೆಯ ಲೆಕ್ಕ, ತಪ್ಪೆನ್ನಲು ನಮಗೆ ಬಾಯಿ ಬರುವುದಿಲ್ಲ. ನಾವು ಹಲಗೆಯ ಮೇಲೆ ಎರಡೂ ಲೆಕ್ಕ ಹಾಕಿ ತೋರಿಸಿದೆವು. ಆಕೆ ಬಹಳ ಹೊತ್ತು ನೋಡಿದಳು. "ಕೈ ಎತ್ತಾಕ ಬಂದ್ರ ಗುರುಗಳ, ರಾತ್ರಿ ಮಗ್ಗಲಾಗಿ ಮಲಗಾಕರೆ ಬರ್ತೈತಿ. ಏಳು ವರ್ಷ ಆತು ಆ ಮಗ್ಗಲಿಗೆ ಮಲಗಿಲ್ಲ" ಎಂದಳು. ಮಾರ್ಗಸೂಚಿಯ ಹತ್ತು ಕೆಲಸಗಳಲ್ಲಿ ಮಲಗುವುದು ಇಲ್ಲ.

ದ್ರಾಕ್ಷಿ ಕಟಾವು ಮುಗಿದ ಮೇಲೆ ತೋರಿಸಲು ಹೋಗುವುದೆಂದು ಮಾತಾಗಿದೆ. ಬಾಯಿಯವರು ಜೊತೆಗೆ ಹೋಗುತ್ತಾರೆ. ಕೇಸ್‌ಪೇಪರಿನ ಝೆರಾಕ್ಸ್ ಮೂರು ಪ್ರತಿ ಮಾಡಿಸಿ ನಮ್ಮ ಕಪಾಟಿನಲ್ಲಿಟ್ಟಿದ್ದೇವೆ.